ಬೂಟ್ ಆಗದ ಲ್ಯಾಪ್‌ಟಾಪ್ ಮತ್ತು ಒಂದು ಪಟ್ಟಿ ಕೇಬಲ್

ಕಪ್ಪು ಪರದೆ, ಅದರ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂಬ ಬಿಳಿ ಸಾಲು. ಮೊದಮೊದಲು ಆಫ್ ಮಾಡಿ ಆನ್ ಮಾಡಿದರೆ ವಿಂಡೋಸ್ ಬರುತ್ತಿತ್ತಂತೆ. ಈಗ ಅದೂ ನಿಂತಿದೆ. 2.5 ಇಂಚಿನ ಸಾಟಾ ಹಾರ್ಡ್‌ಡಿಸ್ಕ್ ಇರುವ ಲ್ಯಾಪ್‌ಟಾಪ್. ಡಿಸ್ಕ್ ಹೋಗಿದೆ, ಹೊಸದು ಹಾಕಿಸಬೇಕು ಎಂಬ ತೀರ್ಪು ನನ್ನ ಕೈಗೆ ಬರುವ ಮೊದಲೇ ಆಗಿಹೋಗಿತ್ತು. ಇಂಥ ತೀರ್ಪನ್ನು ಪರೀಕ್ಷೆ ಇಲ್ಲದೆ ಒಪ್ಪಬಾರದು. ಬೂಟ್ ಮಾಡಲು, ಅಂದರೆ ಕಂಪ್ಯೂಟರನ್ನು ಎಬ್ಬಿಸಲು, ಏನೂ ಸಿಗಲಿಲ್ಲ ಎನ್ನುವುದಷ್ಟೇ ಆ ಸಂದೇಶದ ಅರ್ಥ. ಸಿಗದೇ ಇರಲು ಕಾರಣ ಹಲವು.

ಚುಚ್ಚಿಟ್ಟ ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಎಲ್ಲವನ್ನೂ ತೆಗೆದು ಬಯಾಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ಏಳುವ ಸೆಟ್ಟಿಂಗ್ ಪರದೆಗೆ, ಹೋಗುವುದು ಮೊದಲ ಕೆಲಸ. ಆನ್ ಮಾಡುತ್ತಿದ್ದಂತೆ ಎಫ್2 ಒತ್ತಬೇಕು. ಕೆಲವು ಕಂಪನಿಗಳಲ್ಲಿ ಎಫ್10, ಡಿಲೀಟ್ ಅಥವಾ ಎಸ್ಕೇಪ್. ಅಲ್ಲಿ ನೋಡಬೇಕಾದ್ದು ಮುಖ್ಯವಾಗಿ ಒಂದೇ: ಡಿಸ್ಕಿನ ಮಾಡೆಲ್ ನಂಬರ್ ಕಾಣುತ್ತದೆಯೇ? ಕಂಡರೆ ತೊಂದರೆ ಸೆಟ್ಟಿಂಗ್‌ನಲ್ಲೋ ಡಿಸ್ಕಿನೊಳಗಿನ ಬೂಟ್ ಫೈಲುಗಳಲ್ಲೋ ಇರುವ ಸಾಧ್ಯತೆ ಹೆಚ್ಚು. ಕಾಣದಿದ್ದರೆ ವಿಂಡೋಸ್ ರಿಪೇರಿಯ ಮಾತೇ ಬೇಡ, ಹುಡುಕಬೇಕಾದ್ದು ಹಾರ್ಡ್‌ವೇರಿನಲ್ಲಿ. ಬಯಾಸಿನ ದಿನಾಂಕದ ಮೇಲೂ ಕಣ್ಣಾಡಿಸಿ. ಅದು ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಗಡಿಯಾರವನ್ನೂ ಸೆಟ್ಟಿಂಗ್‌ಗಳನ್ನೂ ಉಳಿಸುವ ಪುಟ್ಟ ಸೀಮಾಸ್ ಬ್ಯಾಟರಿ ಮುಗಿದಿರಬಹುದು. ಆಗ ಸೆಟ್ಟಿಂಗ್‌ಗಳು ಮೂಲಸ್ಥಿತಿಗೆ ಮರಳಿ, ಬೂಟ್ ಮಾಡುವ ಬಗೆ ಹೊಸ ಯುಇಎಫ್ಐ ಇದ್ದದ್ದು ಹಳೆಯ ಲೆಗಸಿಗೆ, ಡಿಸ್ಕಿನೊಡನೆ ವ್ಯವಹರಿಸುವ ಬಗೆ ಎಎಚ್‌ಸಿಐ ಇದ್ದದ್ದು ರೇಯ್ಡ್‌ಗೆ ಬದಲಾಗಿರಬಹುದು. ಡಿಸ್ಕ್ ಸರಿಯಿದ್ದರೂ ವಿಂಡೋಸ್ ಏಳದಿರಲು ಅಷ್ಟು ಸಾಕು.

ಇಲ್ಲಿ ದಿನಾಂಕ ಸರಿಯಾಗಿತ್ತು. ಆದರೆ ಡಿಸ್ಕಿನ ಹೆಸರು ಒಮ್ಮೆ ಕಂಡರೆ ಮುಂದಿನ ರೀಸ್ಟಾರ್ಟ್‌ನಲ್ಲಿ ಮಾಯ. ಕಂಡಾಗಲೂ ಬೂಟ್ ಪಟ್ಟಿಯಲ್ಲಿ ವಿಂಡೋಸನ್ನು ಎಬ್ಬಿಸುವ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬ ಸಾಲಿರಲಿಲ್ಲ, ಬರೀ ಡಿಸ್ಕಿನ ಹೆಸರಿತ್ತು. ಎರಡೂ ಬೇರೆ ಬೇರೆ ಲಕ್ಷಣ. ತಳಕ್ಕೆ ಕಿವಿಯಿಟ್ಟರೆ ಡಿಸ್ಕ್ ಒಂದೇ ಸಮನೆ ತಿರುಗುವ ಸದ್ದು. ಟಕ್ ಟಕ್ ಎನ್ನುವ ಬಡಿತವಿಲ್ಲ. ಆ ಬಡಿತ ಕೇಳಿಸಿದ್ದರೆ ಕೂಡಲೇ ಪವರ್ ತೆಗೆಯಬೇಕಿತ್ತು. ಡೇಟಾ ಓದುವ ಹೆಡ್ ಕೆಟ್ಟ ಡಿಸ್ಕಿಗೆ ಪ್ರತಿ ಬಾರಿ ಪವರ್ ಕೊಡುವುದೂ ಡೇಟಾ ಕಳೆದುಕೊಳ್ಳುವ ದಾರಿ.

ಕಂಡೂ ಕಾಣದಂತಾಡುವ ಡಿಸ್ಕನ್ನು ಲ್ಯಾಪ್‌ಟಾಪಿನೊಳಗೇ ಪರೀಕ್ಷಿಸುವುದಕ್ಕಿಂತ ಹೊರಗೆ ತೆಗೆದು ನೋಡುವುದು ಒಳ್ಳೆಯದು. ಅಡಾಪ್ಟರ್ ಕಳಚಿ, ತಳದ ಸ್ಕ್ರೂಗಳನ್ನು ಬಿಚ್ಚಿ, ಮೊದಲು ಒಳಗಿನ ಬ್ಯಾಟರಿಯ ಕನೆಕ್ಟರ್ ತೆಗೆಯಬೇಕು. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ, ಆದ್ದರಿಂದ ಯಾವುದು ಎಲ್ಲಿಯದೆಂದು ಹಾಳೆಯ ಮೇಲೆ ಗುರುತು ಮಾಡಿ ಇಡಿ. ಗಿಡ್ಡ ಸ್ಕ್ರೂವಿನ ಜಾಗಕ್ಕೆ ಉದ್ದದ್ದು ಹಾಕಿದರೆ ಮೇಲಿನ ಕೀಬೋರ್ಡ್ ಕಡೆಗೆ ಚುಚ್ಚಿಕೊಂಡು ಬರುತ್ತದೆ.

ತೆಗೆದ ಡಿಸ್ಕನ್ನು ಸಾಟಾದಿಂದ ಯುಎಸ್‌ಬಿಗೆ ಬದಲಿಸುವ ಅಡಾಪ್ಟರ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಲಿನಕ್ಸ್‌ನಲ್ಲಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟ ಲೆಕ್ಕ ತೋರಿಸುವ ಸ್ಮಾರ್ಟ್‌ಸಿಟಿಎಲ್ ಓಡಿಸಿದೆ. ಆ ಉದ್ದನೆಯ ಪಟ್ಟಿಯಲ್ಲಿ ನನಗೆ ಬೇಕಾದ್ದು ಮೂರು ಸಾಲು. 5ನೆಯದು ಕೆಟ್ಟದ್ದರಿಂದ ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರ್‌ಗಳ, ಅಂದರೆ ಡಿಸ್ಕಿನ ಪುಟ್ಟ ತುಣುಕುಗಳ, ಲೆಕ್ಕ. 197ನೆಯದು ಓದಲಾಗದೆ ಬಾಕಿ ಉಳಿದವುಗಳದು. 199ನೆಯದು ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಡೇಟಾ ಸಾಗುವಾಗ ಆದ ಸಿಆರ್‌ಸಿ ದೋಷಗಳದು, ಅಂದರೆ ಕಳಿಸಿದ್ದು ಹಾಗೇ ತಲುಪದ ಸಲಗಳದು. ಇಲ್ಲಿ 5 ಮತ್ತು 197 ಎರಡೂ ಸೊನ್ನೆ, 199 ಮಾತ್ರ ಸಾವಿರ ದಾಟಿತ್ತು. ಡೇಟಾ ಇರುವ ತಟ್ಟೆಗಳು ಚೆನ್ನಾಗಿವೆ, ದಾರಿ ಕೆಟ್ಟಿದೆ ಎಂದಾಯಿತು.

ರಿಪೇರಿಗೆ ಕೈಹಾಕುವ ಮೊದಲು ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿದೆ. ವಿಂಡೋಸಿನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಹಾಕಿದ್ದರೆ ಇದಕ್ಕೆ 48 ಅಂಕಿಯ ರಿಕವರಿ ಕೀ ಬೇಕು. 197 ಏರಿದ್ದ ಪಕ್ಷದಲ್ಲಿ ಸಾಮಾನ್ಯ ಕಾಪಿ ತಕ್ಕದ್ದಲ್ಲ: ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ ಡಿಸ್ಕಿನ ನಕಲು ತೆಗೆಯಬೇಕು. ಅದು ಮೊದಲು ಸುಲಭವಾಗಿ ಬರುವ ಭಾಗವನ್ನು ತಂದು, ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಅಂಥ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸುವುದು ನನ್ನ ಮಟ್ಟಿಗೆ ಅತಿ ದೊಡ್ಡ ತಪ್ಪು. ಅದು ಫೈಲ್ ಸಿಸ್ಟಮ್ಮನ್ನು ಸರಿಪಡಿಸಲು ಹೊರಟು ಸಾಯುತ್ತಿರುವ ಡಿಸ್ಕಿನ ಮೇಲೇ ಬರೆಯುತ್ತದೆ.

ಇನ್ನು ದಾರಿ. ಈ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ನೇರವಾಗಿ ಮದರ್‌ಬೋರ್ಡಿಗೆ ಕೂರುವುದಿಲ್ಲ, ನಡುವೆ ತೆಳುವಾದ ಪಟ್ಟಿ ಕೇಬಲ್ ಇದೆ. ಅದರ ಮದರ್‌ಬೋರ್ಡ್ ತುದಿಯ ಲಾಕ್ ಉಗುರಿನಷ್ಟು ಚಿಕ್ಕ ಮುಚ್ಚಳ. ಅದನ್ನು ಮೇಲಕ್ಕೆ ಎತ್ತಿದ ಮೇಲಷ್ಟೇ ಕೇಬಲ್ ಎಳೆಯಬೇಕು, ಇಲ್ಲವಾದರೆ ಕನೆಕ್ಟರೇ ಕಿತ್ತುಬರುತ್ತದೆ. ಬೆಳಕಿಗೆ ಹಿಡಿದಾಗ ಕೇಬಲ್ ಮಡಿಚಿದ ಮೂಲೆಯಲ್ಲಿ ಬಿಳಿಚಿದ ಗೆರೆ, ಅಲ್ಲೇ ಒಂದು ಎಳೆಯ ತಾಮ್ರ ಬಿರುಕು ಬಿಟ್ಟಿತ್ತು. ಲ್ಯಾಪ್‌ಟಾಪ್ ಬಿಸಿಯಾದಾಗ, ಒಂದು ಮೂಲೆ ಹಿಡಿದು ಎತ್ತಿದಾಗ ಸಂಪರ್ಕ ಕಡಿದು ಕೂಡುತ್ತಿತ್ತು. ಕೇಬಲ್ ಕೊಳ್ಳುವಾಗ ಲ್ಯಾಪ್‌ಟಾಪ್ ಮಾಡೆಲ್ ಹೇಳಿದರೆ ಸಾಲದು; ಕೇಬಲ್ ಮೇಲೇ ಅಚ್ಚಾದ ಪಾರ್ಟ್ ನಂಬರ್ ಹೊಂದಬೇಕು.

ಹೊಸ ಕೇಬಲ್ ಹಾಕಿದ ಮೇಲೆ ಬಯಾಸಿನಲ್ಲಿ ಡಿಸ್ಕ್ ಪ್ರತಿ ಸಲವೂ ಕಂಡಿತು. ಆದರೂ ವಿಂಡೋಸ್ ಬೂಟ್ ಮ್ಯಾನೇಜರ್ ಇಲ್ಲ. ಬೂಟ್ ಫೈಲುಗಳಿರುವ ಡಿಸ್ಕಿನ ಭಾಗವಾದ ಇಎಫ್ಐ ಪಾರ್ಟಿಷನ್ ಸಾಮಾನ್ಯವಾಗಿ 100 ಎಂಬಿಯಷ್ಟು ಪುಟ್ಟದು, ಫ್ಯಾಟ್32 ಎಂಬ ಫೈಲ್ ಸಿಸ್ಟಮ್ಮಿನಲ್ಲಿರುತ್ತದೆ. ವಿಂಡೋಸಿನ ಮುಖ್ಯ ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್‌ಗೆ ಇರುವ ಜರ್ನಲ್, ಅಂದರೆ ಏನು ಬರೆಯುತ್ತಿದ್ದೇವೆಂಬ ದಾಖಲೆ, ಅದಕ್ಕಿಲ್ಲ. ಬರೆಯುತ್ತಿರುವಾಗ ಸಂಪರ್ಕ ಕಡಿದರೆ ಅರ್ಧಕ್ಕೇ ನಿಂತದ್ದನ್ನು ಸರಿಪಡಿಸಿಕೊಳ್ಳಲು ಅದರ ಬಳಿ ದಾಖಲೆಯೇ ಇರುವುದಿಲ್ಲ.

ವಿಂಡೋಸ್ ಇನ್‌ಸ್ಟಾಲೇಷನ್ ಪೆನ್‌ಡ್ರೈವ್‌ಗೆ 8 ಜಿಬಿ ಸಾಕು. ಅದನ್ನು ಯುಇಎಫ್ಐ ಮೋಡ್‌ನಲ್ಲೇ ಬೂಟ್ ಮಾಡಿ, ಮೊದಲ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿದರೆ ಕಮಾಂಡ್ ಪ್ರಾಂಪ್ಟ್ ಬರುತ್ತದೆ. ಪಾರ್ಟಿಷನ್‌ಗಳನ್ನು ನೋಡಿಕೊಳ್ಳುವ ಡಿಸ್ಕ್‌ಪಾರ್ಟ್ ತೆರೆದು ಲಿಸ್ಟ್ ವಾಲ್ಯೂಮ್ ಕೊಟ್ಟು, ಆ ಪುಟ್ಟ ಫ್ಯಾಟ್32 ವಾಲ್ಯೂಮ್ ಆರಿಸಿ ಎಸ್ ಅಕ್ಷರ ಕೊಟ್ಟೆ. ಪೆನ್‌ಡ್ರೈವ್ ಕೂಡ ಫ್ಯಾಟ್32 ಆಗಿರಬಹುದು, ಆದ್ದರಿಂದ ಗಾತ್ರ ನೋಡಿಯೇ ಆರಿಸಬೇಕು. ಇಲ್ಲಿ ವಿಂಡೋಸ್ ಇರುವ ಡ್ರೈವ್ ಸಿ ಆಗಿರಲೇಬೇಕೆಂದಿಲ್ಲ, ಡಿ ಆಗಿರಬಹುದು. ಫೈಲುಗಳ ಪಟ್ಟಿ ತೋರಿಸುವ ಡೈರ್ ಕೊಟ್ಟು ಖಚಿತ ಮಾಡಿಕೊಳ್ಳಿ. ಆಮೇಲೆ ಬೂಟ್ ಫೈಲುಗಳನ್ನು ಹೊಸದಾಗಿ ಹಾಕುವ ಬಿಸಿಡಿಬೂಟ್: ಅದಕ್ಕೆ ವಿಂಡೋಸ್ ಫೋಲ್ಡರಿನ ವಿಳಾಸ, ಗುರಿಯಾಗಿ ಎಸ್ ಡ್ರೈವ್, ಫರ್ಮ್‌ವೇರ್ ಬಗೆಯಾಗಿ ಯುಇಎಫ್ಐ. ಬೂಟ್ ಫೈಲ್ ಕಾಪಿ ಮಾಡಲಾಗಲಿಲ್ಲ ಎಂಬ ಉತ್ತರ ಬಂತು. ಅಂದರೆ ಆ ಪಾರ್ಟಿಷನ್ನೇ ಹಾಳಾಗಿದೆ. ಎಸ್ ಅನ್ನು ಮಾತ್ರ ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ ಅದೇ ಆಜ್ಞೆ ಕೊಟ್ಟಾಗ ಫೈಲುಗಳು ಕೂತವು, ವಿಂಡೋಸ್ ಎದ್ದಿತು. ಜೊತೆಗೆ ಲಿನಕ್ಸ್ ಇದ್ದಿದ್ದರೆ ಈ ಫಾರ್ಮ್ಯಾಟ್‌ನಲ್ಲಿ ಅದರ ಬೂಟ್‌ಲೋಡರ್ ಕೂಡ ಹೋಗುತ್ತಿತ್ತು.

ಕೇಬಲ್ ಬದಲಿಸಿದ ಮಾತ್ರಕ್ಕೆ 199ರ ಅಂಕಿ ಸೊನ್ನೆಗೆ ಇಳಿಯುವುದಿಲ್ಲ, ಅದು ಡಿಸ್ಕಿನ ಜೀವಮಾನದ ಲೆಕ್ಕ. ಈಗಿನ ಅಂಕಿ ಬರೆದಿಟ್ಟುಕೊಂಡು, ಕೆಲವು ದಿನ ಬಳಸಿ, ದೊಡ್ಡ ಫೈಲುಗಳನ್ನು ಕಾಪಿ ಮಾಡಿ ಮತ್ತೆ ನೋಡಬೇಕು. ಅಲ್ಲೇ ನಿಂತಿದ್ದರೆ ಸರಿ. ಏರುತ್ತಿದ್ದರೆ ಮುಂದೆ ನೋಡಬೇಕಾದ್ದು ಮದರ್‌ಬೋರ್ಡ್ ಕಡೆಯ ಕನೆಕ್ಟರನ್ನು.