ಬೆಲ್ಟಿನಲ್ಲಿ ಎಷ್ಟು ಉಳಿದಿದೆ?

"ಬೆಲ್ಟಿನಲ್ಲಿ ಎಷ್ಟು ಉಳಿದಿದೆ, ಎಣಿಸಿ ನೋಡಲಿಕ್ಕೆ ಹೇಳು."

ಮಂಗಳವಾರ ಬೆಳಿಗ್ಗೆ ದೊಡ್ಡಪ್ಪ ಹೇಳಿದ ಈ ಮಾತು ವಾರವಿಡೀ ತಲೆಯಿಂದ ಇಳಿದಿಲ್ಲ. ಅಂಗಳದಲ್ಲಿ ಅಡಿಕೆ ಹರಡುವಾಗಲೂ ಅದೇ, ಕುಂಬಳೆಗೆ ಬಸ್ಸಿನಲ್ಲಿ ಹೋಗುವಾಗಲೂ ಅದೇ.

ಫೋಟೋ ಕಳಿಸಿದ್ದು ತಂಗಿಯ ಮಗ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಮಾರ್ಸಶ್ಲೋಕ್ ಎಂಬ ಮೀನುಗಾರರ ಊರಲ್ಲಿ ಅವನಿಗೆ ಹೋಟೆಲ್ ಕೆಲಸ. ಅಲ್ಲಿನ ದೋಣಿಯೊಂದರ ಬಲೆಗೆ ಮೀನಿನ ಜೊತೆ ಉದ್ದದ್ದೊಂದು ಉಂಡೆ ಸಿಕ್ಕಿತ್ತಂತೆ. ಮೈಯೆಲ್ಲ ಸುಣ್ಣಗಟ್ಟಿ, ಚಿಪ್ಪು ಅಂಟಿಕೊಂಡು, ಒಂದು ತುದಿಯಿಂದ ಮೆಷಿನ್ ಗನ್ನಿನ ನಳಿಗೆ ಮಾತ್ರ ಇಣುಕುತ್ತಿತ್ತು. ದಕ್ಕೆಯಲ್ಲಿ ಇಳಿಸಿಟ್ಟಿದ್ದನ್ನು ಇವನು ನಾಲ್ಕು ಕಡೆಯಿಂದ ಫೋಟೋ ಹೊಡೆದು ಮನೆಯ ಗ್ರೂಪಿಗೆ ಹಾಕಿ, "ದೊಡ್ಡಜ್ಜನಿಗೆ ತೋರಿಸಿ" ಎಂದು ಬರೆದಿದ್ದ.

ಅವನ ದೊಡ್ಡಜ್ಜ, ಅಂದರೆ ನನ್ನ ದೊಡ್ಡಪ್ಪ, ನೋಡುವ ಮೊದಲೇ ನನ್ನ ಚಿಕ್ಕಪ್ಪನ ಮಗ, "ಒಳ್ಳೆ ರೇಟು ಸಿಗಬಹುದು, ಬಿಡಬೇಡ" ಎಂದು ಬರೆದ. ಅವನ ಮನಸ್ಸು ಕೆಟ್ಟದ್ದಲ್ಲ, ನಾನು ಬಲ್ಲೆ. ಆದರೆ ಹಳೆಯದು ಏನು ಕಂಡರೂ ಅವನಿಗೆ ಮೊದಲು ತೋಚುವುದು ಕ್ರಯ. ತರವಾಡು ಮನೆಯ ಪತ್ತಾಯ, ಭತ್ತ ತುಂಬಿಡುವ ಆ ದೊಡ್ಡ ಪೆಟ್ಟಿಗೆ, ಹೋದದ್ದೂ ಹಾಗೆಯೇ. ಆ ಪತ್ತಾಯದ ಮೇಲೆ ಮಲಗಿ ಬೆಳೆದವಳು ನಾನು. ಆ ಸಿಟ್ಟು ಇನ್ನೂ ಆರಿಲ್ಲ.

ದೊಡ್ಡಪ್ಪ ವಾಯುಸೇನೆಯಲ್ಲಿ ಆರ್ಮಮೆಂಟ್ ಫಿಟ್ಟರ್, ಅಂದರೆ ವಿಮಾನದ ಗನ್ನು, ಗುಂಡು ನೋಡಿಕೊಳ್ಳುವವರು, ಆಗಿದ್ದವರು. ಈಗ 84 ವರ್ಷ. ಜಗಲಿಯಲ್ಲಿ ಕವಳದ ತಟ್ಟೆ ಬದಿಗೆ ಸರಿಸಿ, ಭೂತಗನ್ನಡಿ ಹಿಡಿದು ಫೋನಿನ ಮೇಲೆ ಬಗ್ಗಿದರು. ಮೊದಲು ಬಂದದ್ದು ಗದರಿಕೆ: "ಯಾರೂ ಕೈ ಹಾಕಬಾರದು ಅಂತ ಹೇಳು. ನೀರಲ್ಲಿ 80 ವರ್ಷ ಇದ್ದರೂ ಮದ್ದು ಮದ್ದೇ. ಪೊಲೀಸರಿಗೆ ತಿಳಿಸಲಿ. ಅವರು ಬರುವವರೆಗೆ ಒದ್ದೆ ಗೋಣಿ ಹೊದೆಸಿ ದೂರ ನಿಲ್ಲಲಿ. ಉಪ್ಪು ಕುಡಿದ ಕಬ್ಬಿಣ ಒಣಗಿದರೆ ಪದರ ಪದರ ಎದ್ದು ಹೋಗ್ತದೆ."

ಆಮೇಲೆ ಶುರುವಾಯಿತು ವಿಚಾರಣೆ. ಉದ್ದ ಎಷ್ಟು? ಸುಮಾರು ಮೂರೂಮುಕ್ಕಾಲು ಅಡಿ. "ಹಾಗಾದರೆ ಅಮೆರಿಕದವರ ಪಾಯಿಂಟ್ ಫೈವ್ ಇಂಚಿನ ಗನ್ನು ಅಲ್ಲ, ಅದು ಇನ್ನೂ ಒಂದಡಿ ಉದ್ದ." ಹಿಂದಿನ ಭಾಗ ದುಂಡೋ ಚೌಕವೋ? ಚೌಕ, ಪೆಟ್ಟಿಗೆಯ ಹಾಗೆ. "ಜರ್ಮನಿಯವರ ಎಂ.ಜಿ. 17 ಗನ್ನು ಅಲ್ಲ, ಅದು ಕೊಳವೆಯ ಹಾಗೆ." ಉಂಡೆ ಒಡೆದ ಜಾಗದಲ್ಲಿ ಬೆಲ್ಟಿನ, ಅಂದರೆ ಗನ್ನಿಗೆ ಊಡಿಸುವ ಗುಂಡಿನ ಸರದ, ನಾಲ್ಕೈದು ಹಿತ್ತಾಳೆ ಕಾಟ್ರಿಜ್ ಕಾಣುತ್ತಿದ್ದವು, ಹಸಿರುಗಟ್ಟಿ. ಬುಡದಲ್ಲಿ ಅಂಚು ಹೊರಚಾಚಿದೆಯಾ? ಹೌದು. "ಪಾಯಿಂಟ್ ತ್ರೀ ನಾಟ್ ತ್ರೀ ಇಂಚಿನ ಗುಂಡು," ಎಂದರು. ನಾನು, ಹಾಗಾದರೆ ಬ್ರಿಟಿಷರದ್ದೇ ಎಂದೆ. ದೊಡ್ಡಪ್ಪ ಬೆರಳೆತ್ತಿದರು. "ತಡೆ. ಇಟಲಿಯವರ ಬ್ರೆಡಾ ಗನ್ನಿಗೂ ಇದೇ ಅಳತೆಯ ಗುಂಡು. ಅವರು 7.7 ಮಿಲಿಮೀಟರ್ ಅಂತ ಕರೀತಿದ್ದರು, ಅಷ್ಟೇ ವ್ಯತ್ಯಾಸ."

ಆ ಮಾತಿಗೆ ನಾನು ಸುಮ್ಮನೆ ಕೂತೆ. ಎರಡನೇ ಮಹಾಯುದ್ಧದ ಆಕಾಶದಲ್ಲಿ ಎದುರುಬದುರು ಬಂದು ಒಬ್ಬರನ್ನೊಬ್ಬರು ಹೊಡೆದುರುಳಿಸಿದವರು ಒಂದೇ ಅಳತೆಯ ಹಿತ್ತಾಳೆಯನ್ನು ತುಂಬಿಸಿಕೊಂಡು ಹೊರಟಿದ್ದರು.

ಕಾಟ್ರಿಜ್ಜಿನ ಬುಡವನ್ನು ಹತ್ತಿರದಿಂದ, ಮುಟ್ಟದೆ, ಫೋಟೋ ಹೊಡೆಯಲು ಹುಡುಗನಿಗೆ ಹೇಳಿದೆವು. ಮೂರನೆಯದರಲ್ಲಿ ಅಕ್ಷರ ಕಂಡಿತು: ಇಸವಿಯ 19 ಮತ್ತು 4, ಕೊನೆಯ ಅಂಕಿ ಸವೆದಿತ್ತು, ಪಕ್ಕದಲ್ಲಿ ಇಂಗ್ಲಿಷಿನ ಜಿ. ದೊಡ್ಡಪ್ಪನ ಮುಖವೇ ಬದಲಾಯಿತು. "ಜಿ ಅಂದರೆ ಟ್ರೇಸರ್, ಬೆಳಕು ಬಿಡುತ್ತ ಹೋಗುವ ಗುಂಡು. ಇದು ಬ್ರಿಟಿಷ್ ಗುರುತು. ಗನ್ನು ಬ್ರೌನಿಂಗ್ ಮೆಷಿನ್ ಗನ್. ತರಬೇತಿಯಲ್ಲಿ ಮೊದಲ ದಿನ ನನ್ನ ಕೈಗೆ ಕೊಟ್ಟದ್ದು ಇದನ್ನೇ. ಹತ್ತು ಕಿಲೋ ತೂಕ." ಫೋನಿನ ಗಾಜಿನ ಮೇಲೆ ಅವರ ಬೆರಳು ಗನ್ನಿನ ಮುಚ್ಚಳ ತೆರೆಯುವ ಜಾಗಕ್ಕೆ ತಾನಾಗಿ ಹೋಯಿತು. ಯಾವ ವಿಮಾನದ್ದು ಎಂದು ಕೇಳಿದರೆ ಹೇಳಲೊಪ್ಪಲಿಲ್ಲ. ಬ್ರಿಟಿಷರ ಫೈಟರ್ ವಿಮಾನಗಳಾದ ಹರಿಕೇನ್, ಸ್ಪಿಟ್‌ಫೈರ್ ರೆಕ್ಕೆಗಳಲ್ಲೂ ಇದೇ, ಬಾಂಬರ್‌ಗಳಲ್ಲೂ ಇದೇ. ಗನ್ನು ನೋಡಿ ಗನ್ನು ಹೇಳಬಹುದು, ವಿಮಾನ ಹೇಳಬಾರದು ಎಂದರು. ಗೊತ್ತಿದ್ದಷ್ಟೇ ಹೇಳಿ ನಿಲ್ಲಿಸುವವರನ್ನು ನಾನು ಈಗೀಗ ಕಾಣುವುದು ಕಡಿಮೆ.

ಅದಾದ ಮೇಲೆ ಬಂದದ್ದು ಆ ಮಾತು. ಎಷ್ಟು ಉಳಿದಿದೆ, ಎಣಿಸಲಿಕ್ಕೆ ಹೇಳು.

ಯಾಕೆ ಎಂದು ಕೇಳಿದೆ. ಉದಾಹರಣೆಗೆಂದು ಒಂದು ಲೆಕ್ಕ ಹೇಳಿದರು. ಸ್ಪಿಟ್‌ಫೈರ್‌ನಲ್ಲಿ ಒಂದು ಬ್ರೌನಿಂಗಿಗೆ 350 ಗುಂಡು. ನಿಮಿಷಕ್ಕೆ ಸುಮಾರು 1,150ರ ವೇಗ. ಒಟ್ಟು 18 ಸೆಕೆಂಡು. "ಅಷ್ಟೇ ಆ ಹುಡುಗನ ಕೈಯಲ್ಲಿದ್ದದ್ದು. ಎಲ್ಲ ಖಾಲಿಯಾದ ಮೇಲೆ ಬಿದ್ದನಾ, ಗುಂಡಿ ಒತ್ತುವ ಮೊದಲೇ ಬಿದ್ದನಾ, ಬೆಲ್ಟ್ ಹೇಳ್ತದೆ. ಅವನಿಗೆ ಅದನ್ನು ತುಂಬಿಸಿ ಕೊಟ್ಟವನೊಬ್ಬ ಇರ್ತಾನಲ್ಲ, ಅವನಿಗೆ ಅದು ಗೊತ್ತಾಗಬೇಕಿತ್ತು."

ಆ ಕಾಲದಲ್ಲಿ ರೆಕ್ಕೆಯ ಗನ್ನಿನ ಬಾಯಿಗೆ ಬಟ್ಟೆಯ ತುಂಡು ಅಂಟಿಸುತ್ತಿದ್ದರಂತೆ, ಧೂಳು, ತೇವ ಒಳಗೆ ಹೋಗದ ಹಾಗೆ. ವಿಮಾನ ಮರಳಿ ಬರುವಾಗ ಕೆಳಗೆ ನಿಂತವರು ಮೊದಲು ನೋಡುವುದು ಅದನ್ನೇ. ಬಟ್ಟೆ ಹರಿದಿದ್ದರೆ ಹುಡುಗ ಗುಂಡು ಹಾರಿಸಿದ್ದಾನೆ. ಆ ತೂತುಗಳಲ್ಲಿ ಗಾಳಿ ಹೊಕ್ಕು ಸಿಳ್ಳೆ ಹಾಕುವುದು ಇಳಿಯುವ ಮೊದಲೇ ಕೇಳಿಸುತ್ತಿತ್ತಂತೆ. 1942ರ ಮಾರ್ಚಿನಲ್ಲಿ ಮಾಲ್ಟಾಕ್ಕೆ ಮೊದಲ ಸ್ಪಿಟ್‌ಫೈರ್‌ಗಳು ಬಂದವು. ಅದಕ್ಕೂ ಮೊದಲು ಹರಿಕೇನ್‌ಗಳದ್ದೇ ಕಾಲ. ಆ ಪುಟ್ಟ ದ್ವೀಪದಲ್ಲಿ ಎಷ್ಟು ಜನ ಕತ್ತೆತ್ತಿ ಸಿಳ್ಳೆಗೆ ಕಿವಿಕೊಟ್ಟು ನಿಂತಿದ್ದರೋ.

ದೊಡ್ಡಪ್ಪ ಫೋನು ಕೆಳಗಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ ತಾನಾಗಿ ಹೇಳಿದರು. 1965ರ ಸೆಪ್ಟೆಂಬರ್, ಪಾಕಿಸ್ತಾನದ ಜೊತೆಗಿನ ಯುದ್ಧ. ನಮ್ಮ ವಾಯುಸೇನೆಯ ಹಂಟರ್ ಯುದ್ಧವಿಮಾನ. ಅದರ ನಾಲ್ಕು ಫಿರಂಗಿಗಳೂ ಗುಂಡಿನ ಪೆಟ್ಟಿಗೆಗಳೂ ಸೇರಿ ಒಂದೇ ಕಟ್ಟು. ವಿಮಾನ ಇಳಿದ ಕೂಡಲೇ ಖಾಲಿ ಕಟ್ಟು ಕಳಚಿ, ತುಂಬಿದ ಕಟ್ಟು ಏರಿಸಿದರೆ ಕೆಲವೇ ನಿಮಿಷದಲ್ಲಿ ಮತ್ತೆ ಹಾರಬಹುದು. ಇವರು ಎರಡನೆಯ ಕಟ್ಟನ್ನು ಟ್ರಾಲಿಯಲ್ಲಿ ಸಿದ್ಧ ಮಾಡಿಟ್ಟು ಕಾದರು. ಬೇರೆಯವು ಬಂದವು, ಅದೊಂದು ಬರಲಿಲ್ಲ. ಕತ್ತಲಾದ ಮೇಲೂ ಟ್ರಾಲಿ ಬಿಟ್ಟು ಏಳಲಿಲ್ಲವಂತೆ. "ಗನ್ನು ಜಾಮ್ ಆಗಿತ್ತಾ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ," ಎಂದರು.

ಅರುವತ್ತು ವರ್ಷ! ದೊಡ್ಡಮ್ಮನಿಗೂ ಇದು ಗೊತ್ತಿರಲಿಲ್ಲ. ಒಳಗಿನಿಂದ ಮಜ್ಜಿಗೆ ತಂದವರು ಬಾಗಿಲಲ್ಲೇ ನಿಂತುಬಿಟ್ಟರು. ಯುದ್ಧವೆಂದರೆ ಹಾರಿದವರ ಹೆಸರಷ್ಟೇ ನಮಗೆ ಗೊತ್ತು. ಕೆಳಗೆ ನಿಂತು ತನ್ನ ಕೈಕೆಲಸದಲ್ಲಿ ಎಲ್ಲಿಯಾದರೂ ತಪ್ಪಿತೇ ಎಂದು ಜೀವಮಾನವಿಡೀ ತನ್ನನ್ನೇ ಕೇಳಿಕೊಂಡವರ ಲೆಕ್ಕ ಎಲ್ಲಿಯೂ ಇಲ್ಲ. ಇದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ತಂಗಿಯೂ ಈಗ ದಿನಾ ರಾತ್ರಿ ಮಗ ಕೊನೆಗೆ ಆನ್‌ಲೈನ್ ಬಂದದ್ದು ಎಷ್ಟು ಹೊತ್ತಿಗೆ ಎಂದು ನೋಡಿಯೇ ಮಲಗುವುದು.

ಉಂಡೆಯನ್ನು ಅಲ್ಲಿನ ಸೇನೆಯವರು ಅಂದೇ ಒಯ್ದರು ಎಂದು ಹುಡುಗ ಬರೆದ. ಅವರು ಎಣಿಸುತ್ತಾರೋ ಇಲ್ಲವೋ ಅವನಿಗೆ ತಿಳಿಯದು. ನಾನೇ ವಿವರ ಬರೆದು, ಯಾರಿಗಾದರೂ ತಲುಪಿಸು ಎಂದು ಕಳಿಸಿದ್ದೇನೆ.

ನಿನ್ನೆ ಊಟಕ್ಕೆ ಎಲೆ ಹಾಕಿದ ಮೇಲೆ ದೊಡ್ಡಪ್ಪ ಅನ್ನಕ್ಕೆ ಕೈ ಹಾಕದೆ ನನ್ನ ಕಡೆ ನೋಡಿದರು.

"ಎಣಿಸಿದರಂತಾ?"