ಬಿಇಯಲ್ಲಿ 68 ಪರ್ಸೆಂಟ್ ಇದ್ದರೆ ಅಮೆರಿಕದ ದೊಡ್ಡ ಲಾ ಸ್ಕೂಲ್ ಸಿಗುತ್ತಾ?

"ಅಗ್ರಿಗೇಟ್ 68 ಸರ್. 25ರಿಂದ ಭಾಗಿಸಿದರೆ ಜಿಪಿಎ 4ಕ್ಕೆ 2.72 ಬರುತ್ತೆ. ಹಾರ್ವರ್ಡ್, ಕೊಲಂಬಿಯಾ ಆಸೆ ಬಿಡಬೇಕಾ?" ಅಮೆರಿಕದಲ್ಲಿ ಜೆಡಿ, ಅಂದರೆ ಅಲ್ಲಿನ ಕಾನೂನು ಪದವಿ, ಓದುವ ಮನಸ್ಸಿರುವ ನಮ್ಮ ಎಂಜಿನಿಯರುಗಳು ನನ್ನನ್ನು ಮೊದಲು ಕೇಳುವುದೇ ಇದನ್ನು. ಬಿಡಬೇಡಿ. ಆ ಭಾಗಾಕಾರವನ್ನು ಅಲ್ಲಿ ಯಾರೂ ಮಾಡುವುದಿಲ್ಲ.

ಅರ್ಜಿಗಳು ಹೋಗುವುದು ಎಲ್‌ಸ್ಯಾಕ್ ಎಂಬ ಸಂಸ್ಥೆಯ ಮೂಲಕ. ಅಮೆರಿಕ, ಕೆನಡಾದಲ್ಲಿ ಓದಿದವರ ಗ್ರೇಡುಗಳನ್ನು ಅದು ಒಂದೇ ಅಳತೆಯ ಜಿಪಿಎಗೆ ತರುತ್ತದೆ. ಎ ಪ್ಲಸ್ ಬಂದರೆ 4.33. ಭಾರತದ ಮಾರ್ಕ್ಸ್ ಕಾರ್ಡಿಗೆ ಅಂಥ ಸಂಖ್ಯೆ ಕೊಡುವುದಿಲ್ಲ. ವಿದೇಶಿ ಪದವಿಗಳನ್ನು ಅಳೆದು ಗೊತ್ತಿರುವವರು ಪರಿಶೀಲಿಸಿ, 'ಸರಾಸರಿ', 'ಸರಾಸರಿಗಿಂತ ಮೇಲು' ಎಂದು ಮಾತಿನಲ್ಲೇ ದರ್ಜೆ ಬರೆಯುತ್ತಾರೆ. ಹಾಗಾಗಿ ಲಾ ಸ್ಕೂಲು ಪ್ರಕಟಿಸುವ ಜಿಪಿಎ ಮೀಡಿಯನ್ನನ್ನು, ಅಂದರೆ ಬ್ಯಾಚಿನ ನಟ್ಟನಡುವಿನ ಜಿಪಿಎಯನ್ನು, ನಿಮ್ಮ 68 ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ.

ಲಾ ಸ್ಕೂಲಿನ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್ ಹಾಗಲ್ಲ, ಅದು ಲೆಕ್ಕಕ್ಕೆ ಬರುತ್ತದೆ. 120ರಿಂದ 180ರವರೆಗಿನ ಅಂಕ. ಪ್ರತಿ ಲಾ ಸ್ಕೂಲೂ ತನ್ನ ಹೊಸ ಬ್ಯಾಚಿನ 25, 50, 75ನೇ ಪರ್ಸೆಂಟೈಲ್ ಅಂಕಗಳನ್ನು ವರ್ಷವರ್ಷ ಪ್ರಕಟಿಸಲೇಬೇಕು. ಮೀಡಿಯನ್, ಅಂದರೆ ಆ 50ನೇ ಪರ್ಸೆಂಟೈಲ್, 170 ಇರುವ ಕಡೆ ನಿಮ್ಮ 170 ಅವರಿಗೆ ಆಸರೆ, 169 ಹೊರೆ. ಆ ಒಂದು ಅಂಕ ಕೆಲವೊಮ್ಮೆ ಒಂದೇ ಒಂದು ಉತ್ತರದ ವ್ಯತ್ಯಾಸ. ಇದು ನ್ಯಾಯ ಅಂತ ನನಗೆ ಅನಿಸುವುದಿಲ್ಲ. ಆದರೆ ಲಕ್ಷಗಟ್ಟಲೆ ಸಾಲ ಮಾಡಿ ಹೊರಡುವ ಹುಡುಗ ಹುಡುಗಿಯರಿಗೆ ಇದನ್ನು ಮೊದಲೇ ಹೇಳದಿರುವುದು ಇನ್ನೂ ದೊಡ್ಡ ಅನ್ಯಾಯ.

ಎಲ್‌ಸ್ಯಾಟ್‌ಗೆ ಓದುವಾಗ ಎರಡು ವಿಷಯ ಗಮನದಲ್ಲಿರಲಿ. 2024ರ ಆಗಸ್ಟ್‌ನಿಂದ ಲಾಜಿಕ್ ಗೇಮ್ಸ್ ಎಂಬ ಒಗಟಿನಂಥ ಪ್ರಶ್ನೆಗಳ ಭಾಗ ತೆಗೆದುಹಾಕಿದ್ದಾರೆ. ಸೆಕೆಂಡ್ ಹ್ಯಾಂಡ್ ಗೈಡುಗಳ ಆ ಪುಟಗಳಿಗೆ ಸಮಯ ಹಾಳು ಮಾಡಬೇಡಿ. ಈಗ ಅಂಕ ಬರುವುದು ಎರಡು ತರ್ಕದ ಭಾಗ, ಒಂದು ಓದಿ ಗ್ರಹಿಸುವ ಭಾಗದಿಂದ, ಒಂದೊಂದಕ್ಕೆ 35 ನಿಮಿಷ. ಇನ್ನೊಂದು, ಇಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ. ನಮ್ಮ ಕಾನೂನು ಪ್ರವೇಶ ಪರೀಕ್ಷೆ ಕ್ಲ್ಯಾಟ್ ಬರೆದು ಅಭ್ಯಾಸವಾದವರು ಗೊತ್ತಿಲ್ಲದ ಪ್ರಶ್ನೆ ಬಿಟ್ಟು ಬರುತ್ತಾರೆ. ಒಂದನ್ನೂ ಬಿಡಬೇಡಿ.

ಹಾಗಂತ ಮಾರ್ಕ್ಸ್ ಕಾರ್ಡನ್ನು ಯಾರೂ ನೋಡುವುದಿಲ್ಲ ಎಂದಲ್ಲ. ಮೂರನೇ ಸೆಮ್‌ನಲ್ಲಿ ಬ್ಯಾಕ್‌ಲಾಗ್ ಇದ್ದರೆ ಕಾರಣವನ್ನು ಅರ್ಧ ಪುಟದಲ್ಲಿ ನೇರವಾಗಿ ಬರೆದು ಅರ್ಜಿಯ ಜೊತೆ ಇಡಿ, ಗೋಳು ಬೇಡ. ಮನೆಯಲ್ಲಿ ಮಾಡಿದ ಟೆಸ್ಟುಗಳಲ್ಲಿ 171 ಬರುತ್ತಿದ್ದು ನಿಜವಾದ ಪರೀಕ್ಷೆಯಲ್ಲಿ 165 ಬಂದಿದ್ದರೆ ಮತ್ತೆ ಬರೆಯಿರಿ. ಹಳೆಯ ಅಂಕವೂ ಅವರಿಗೆ ಕಾಣುತ್ತದೆ, ನಿಜ; ಆದರೆ ಮೀಡಿಯನ್ ಲೆಕ್ಕಕ್ಕೆ ಅವರು ಹಿಡಿಯುವುದು ನಿಮ್ಮ ಅತಿ ಹೆಚ್ಚಿನ ಅಂಕವನ್ನೇ.