ಮರಳಿನ ಲೆಕ್ಕ, ಕಂತು 4: ಘಟ್ಟದ ಮೇಲೆ, ಘಟ್ಟದ ಕೆಳಗೆ

ಹೊಳೆಯ ಮರಳು ನೋಡಿ, ಅದು ಹುಟ್ಟಿದ ಕಲ್ಲು ಮಳೆನೀರಿಗೆ ಎಷ್ಟು ಕೊಳೆತಿದೆ, ಅಂದರೆ ಎಷ್ಟು ಮೆತ್ತಗಾಗಿದೆ ಎಂದು ಅಳೆಯುವ ಪ್ರಯತ್ನ ಇದು. ಹಿಂದಿನ ಸಲ ತಂದ ಮರಳೆಲ್ಲ ವ್ಯರ್ಥ. ಚೀಟಿ ಬರೆದದ್ದು ಇಂಕ್ ಪೆನ್ನಿನಲ್ಲಿ. ಒದ್ದೆ ಪೊಟ್ಟಣದೊಳಗೆ ಅಕ್ಷರ ಕರಗಿ ಯಾವುದು ಯಾವ ಹೊಳೆಯದೆಂದು ತಿಳಿಯದೆ ತುಳಸಿಕಟ್ಟೆಯ ಬುಡಕ್ಕೆ ಸುರಿದೆ. ಈ ಬಾರಿ ಪೆನ್ಸಿಲ್.

ಚಾರ್ಮಾಡಿ ಘಾಟಿಯ ಅನುಕೂಲವೆಂದರೆ ಒಂದೇ ದಿನದಲ್ಲಿ ಎರಡೂ ಮಗ್ಗುಲು ಮುಗಿಸಬಹುದು. ಮೇಲೆ, ಮೂಡಿಗೆರೆ ಕಡೆ ಹೇಮಾವತಿ. ಕೆಳಗೆ, ನೇತ್ರಾವತಿಗೆ ಸೇರುವ ಮೃತ್ಯುಂಜಯ ಹೊಳೆ. ಒಂದು ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ, ಇನ್ನೊಂದು ಅರಬ್ಬೀ ಸಮುದ್ರಕ್ಕೆ. ಈ ಸೀಮೆಯಲ್ಲಿ ಹೆಚ್ಚಾಗಿ ಸಿಗುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಎಂಬ ಪಟ್ಟೆಪಟ್ಟೆ ಶಿಲೆ. ಕೆಳಗೆ ಸೆಕೆಯೂ ಮಳೆಯೂ ಜೋರು, ಹಾಗಾಗಿ ಅಲ್ಲಿಯ ಮರಳೇ ಹೆಚ್ಚು ಕೊಳೆತಿರಬೇಕು ಎಂಬುದು ನನ್ನ ಊಹೆ.

ಕೊಳೆಯುವುದು ಹೀಗೆ: ಮಳೆನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿ ತೆಳು ಆಮ್ಲವಾಗುತ್ತದೆ; ಮಣ್ಣಿನಲ್ಲಿ ಬೇರುಗಳ ಉಸಿರೂ ಸೇರಿ ಅದು ಇನ್ನಷ್ಟು ಹುಳಿಯಾಗುತ್ತದೆ. ಆ ನೀರು ನೈಸ್‌ನ ಮುಖ್ಯ ಖನಿಜವಾದ ಫೆಲ್ಡ್‌ಸ್ಪಾರ್‌ನಿಂದ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ ಹೀರಿಕೊಂಡು ಹೋದರೆ ಉಳಿಯುವುದು ಜೇಡಿ. ಮಲೆನಾಡಿನಲ್ಲಿ ಗೋಡೆಗೆ ಬಳಿಯುವ ಶೇಡಿಮಣ್ಣೂ ಆ ಜಾತಿಯದೇ. ಬೆಣಚುಕಲ್ಲು ಮಾತ್ರ ಜಗ್ಗುವುದಿಲ್ಲ. ಹಾಗಾಗಿ ಮರಳಿನಲ್ಲಿ ಫೆಲ್ಡ್‌ಸ್ಪಾರ್ ಎಷ್ಟು ಉಳಿದಿದೆ, ಯಾವ ಸ್ಥಿತಿಯಲ್ಲಿದೆ ಎಂದು ನೋಡಿದರೆ ಕಥೆ ಸಿಗುತ್ತದೆ.

ಜರಡಿ ಹಿಡಿದು ಒಂದೇ ಗಾತ್ರದ ಕಾಳು ಆರಿಸಿ, ಭೂತಗನ್ನಡಿಯಡಿ ಒಂದೊಂದನ್ನೂ ಸೂಜಿಯಿಂದ ಒತ್ತಿದೆ. ತಾಜಾ ಫೆಲ್ಡ್‌ಸ್ಪಾರ್‌ಗೆ ಹೊಳೆಯುವ ಚಪ್ಪಟೆ ಮುಖವಿರುತ್ತದೆ, ಸೂಜಿಗೆ ಬಗ್ಗುವುದಿಲ್ಲ. ಕೊಳೆತದ್ದು ಮಂಕು ಬಿಳಿ, ಒತ್ತಿದರೆ ಹಿಟ್ಟು. ಎರಡು ಸಂಜೆ, ಕತ್ತುನೋವು.

ಊಹೆ ತಲೆಕೆಳಗಾಯಿತು. ಮೃತ್ಯುಂಜಯದ ಮರಳಿನಲ್ಲಿ ಗಟ್ಟಿ, ಹೊಳೆಯುವ ಫೆಲ್ಡ್‌ಸ್ಪಾರ್ ಧಾರಾಳ, ಕಾಗೆಬಂಗಾರವೂ ಇತ್ತು. ಹೇಮಾವತಿಯದರಲ್ಲಿ ತುಕ್ಕುಬಣ್ಣ ಹತ್ತಿದ ಬೆಣಚೇ ಹೆಚ್ಚು, ಸಿಕ್ಕಿದ ಫೆಲ್ಡ್‌ಸ್ಪಾರ್ ಬಹುಪಾಲು ಹಿಟ್ಟಾಯಿತು.

ನಾನು ಮಳೆಯನ್ನಷ್ಟೇ ಲೆಕ್ಕ ಹಾಕಿದ್ದೆ, ಇಳಿಜಾರನ್ನು ಮರೆತಿದ್ದೆ. 2019ರ ಆಗಸ್ಟ್‌ನಲ್ಲಿ ಈ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಮುಚ್ಚಿತ್ತಲ್ಲ. ಹಾಗೆ ಕುಸಿದಾಗ ಮಣ್ಣಿನ ಜೊತೆ ಅಡಿಯ ಹಸಿ ಬಂಡೆಯೂ ಹೊಳೆಗೆ ಬೀಳುತ್ತದೆ. ಅದಕ್ಕೆ ಕೊಳೆಯಲು ಪುರುಸೊತ್ತೆಲ್ಲಿ? ಮೇಲೆ ಕಾಫಿ ತೋಟದ ದಿಣ್ಣೆಗಳಲ್ಲಿ ಕಲ್ಲು ದಪ್ಪ ಕೆಂಪುಮಣ್ಣಿನಡಿ ಬಹುಕಾಲ ನೆನೆದು, ಅರ್ಧ ಜೇಡಿಯಾದ ಮೇಲೆ ನದಿಗಿಳಿಯುತ್ತದೆ.

ಎರಡೇ ಜಾಗದ ಮರಳಿನಿಂದ ಹೀಗೆ ಹೇಳುವುದು ಸ್ವಲ್ಪ ಅತಿಯೇ. ಮೂಲ ಬಂಡೆಯಲ್ಲೇ ವ್ಯತ್ಯಾಸವಿದ್ದರೆ ಇಡೀ ವಾದ ಬಿದ್ದುಹೋಗುತ್ತದೆ. 1982ರಲ್ಲಿ ನೆಸ್‌ಬಿಟ್ ಮತ್ತು ಯಂಗ್ ಎಂಬ ಭೂವಿಜ್ಞಾನಿಗಳು ಕೊಟ್ಟ, ಕಲ್ಲು ಎಷ್ಟು ಕೊಳೆತಿದೆ ಎಂದು ಅಳೆಯುವ ಸೂಚ್ಯಂಕದಲ್ಲಿ ತಾಜಾ ಗ್ರಾನೈಟ್ ಸುಮಾರು 50, ಪೂರ್ತಿ ಶೇಡಿಯಾದದ್ದು 100. ಅದಕ್ಕೆ ರಾಸಾಯನಿಕ ವಿಶ್ಲೇಷಣೆ ಬೇಕು, ನನ್ನ ಸೂಜಿ ಸಾಲದು. ಕಲ್ಲಿನಿಂದ ನೀರಿಗೆ ಎಷ್ಟು ಲವಣ ಕರಗಿದೆ ನೋಡೋಣವೆಂದು, ಮೀನಿನ ತೊಟ್ಟಿಗೆಂದು ಕೊಂಡಿದ್ದ ಟಿಡಿಎಸ್ ಮೀಟರನ್ನು (ನೀರಿನಲ್ಲಿ ಕರಗಿದ್ದನ್ನು ಅಳೆಯುವ ಉಪಕರಣ) ಎರಡೂ ಹೊಳೆಗೆ ಅದ್ದಿ ನೋಡಿದೆ. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಮುಂದಿನ ಸಲ ದಂಡೆಯ ಬಂಡೆಚೂರೂ ತರಬೇಕು. ಕೊಟ್ಟಿಗೆಹಾರದ ಬಳಿ ರಸ್ತೆ ಕಡಿದಲ್ಲಿ ಕೊಳೆತ ನೈಸ್‌ನ ತುಂಡೊಂದು ಸಿಕ್ಕಿತ್ತು: ಪಟ್ಟೆ ಹಾಗೇ ಇದೆ, ಹೆಬ್ಬೆರಳಿಗೆ ಪುಡಿಯಾಗುತ್ತದೆ. ಜೋಪಾನವಾಗಿ ಡಬ್ಬಿಯಲ್ಲಿಟ್ಟಿದ್ದೆ. ರಂಗೋಲಿಗೆ ಬರುತ್ತದೇನೋ ಎಂದು ಅಮ್ಮ ಆಗಲೇ ಅರ್ಧ ಕುಟ್ಟಿದ್ದಾರೆ.